ಬಾಗಿಲು ದೂಡಿ ನೋಡುತ್ತಿದ್ದ ಖಾದರ ಕಾಕಾ

ಕೀಲಿ ಹಾಕಿದ ಬಾಗಿಲು ಕಂಡರೆ ಖಾದರ ಕಾಕಾರಿಗೆ ತಡೆಯಲಾಗುತ್ತಿರಲಿಲ್ಲ. ಹೋಗಿ ಒಮ್ಮೆ ದೂಡಿ ನೋಡಲೇಬೇಕು. ಬೆಟಗೇರಿಯಲ್ಲಿ ನನ್ನ ರಕ್ತಪರೀಕ್ಷೆಯ ಲ್ಯಾಬಿನ ಪಕ್ಕದ ಕಿರಾಣಿ ಅಂಗಡಿಯ ಬಾಗಿಲು ದೂಡಿ ಬೈಸಿಕೊಂಡಿದ್ದೂ ಉಂಟು. "ಕೀಲಿ ಹಾಕೇನಿ ಅನ್ನೂದು ಬ್ಯಾರೆ, ಕೀಲಿ ಬಿದ್ದೈತಿ ಅನ್ನೂದು ಬ್ಯಾರೆ" ಎಂದು ನಕ್ಕಿದ್ದರು. ಟೆಲಿಫೋನ್ ಲೈನ್‌ಮನ್ ಆಗಿ ನಿವೃತ್ತರಾದವರು, ಲಕ್ಷ್ಮೇಶ್ವರದಿಂದ ಬಸ್ಸಿಗೆ ಬಂದು ನಮ್ಮಂಥವರ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರು.

ಶಿರಹಟ್ಟಿ, ಮುಂಡರಗಿಯ ಡಾಕ್ಟರುಗಳು ರಿಪೋರ್ಟುಗಳನ್ನು ಅಲ್ಲಿಂದಲೇ ನೋಡುತ್ತೇವೆ ಎಂದಾಗ, ಲ್ಯಾಬಿನ ಕಂಪ್ಯೂಟರಿಗೆ ಹೊರಗಿನಿಂದ ಒಂದು ದಾರಿ ಬೇಕಾಯಿತು. ಟನಲ್ ಅನ್ನುತ್ತಾರೆ. ಅದನ್ನು ಕಂಪನಿಯೊಂದಕ್ಕೆ ಒಪ್ಪಿಸಬಹುದು, ಇಲ್ಲವೇ ಬಾಡಿಗೆ ಸರ್ವರ್ ಹಿಡಿದು ನಾವೇ ಮಾಡಿಕೊಳ್ಳಬಹುದು.

"ಕಂಪನೀದಾದ್ರ ಬಾಗಲಾ ಅವರು ಕಾಯ್ತಾರ, ಆದ್ರ ಹೋಗೂದು ಬರೂದು ಎಲ್ಲಾ ಅವರ ಕೈಯಾಗ ಹಾಯ್ದು ಹೊಕ್ಕೈತಿ. ನಮ್ದಾದ್ರ ನಡುವ ಯಾರೂ ಇಲ್ಲ, ಕಾಯಾವ್ರೂ ಇಲ್ಲ. ದಿನಾ ಕಾಯ್ತೀಯೇನವಾ ತಂಗಿ?"

"ಕಾಯ್ತೀನ್ರಿ ಕಾಕಾ," ಎಂದೆ. ಆಗ ನನಗೆ ಎಲ್ಲ ಬರುತ್ತದೆ ಎಂಬ ಜಂಬ. ಹೀಗೆ ನಮ್ಮದೇ ಟನಲ್ ಆಯಿತು.

ಫೋನಿನಲ್ಲಿ ಹೇಳಲು ಸುಲಭವಾಗಲೆಂದು ಒಬ್ಬೊಬ್ಬ ಡಾಕ್ಟರಿಗೆ ಅವರವರ ಊರ ಹೆಸರನ್ನೇ ಗುಪ್ತಪದವಾಗಿ ಕೊಟ್ಟೆ. ಕಾಕಾರಿಗೆ ಹೇಳಲಿಲ್ಲ. ಹತ್ತು ದಿನವಾಗಿರಬೇಕು, ಮಧ್ಯಾಹ್ನ ಮುಂಡರಗಿಯ ಡಾಕ್ಟರ ಜೊತೆ ಫೋನಿನಲ್ಲಿದ್ದೆ. ಕಂಪ್ಯೂಟರಿನಲ್ಲಿ ಯಾರು ಎಲ್ಲಿಂದ ಬಂದುಹೋದರೆಂಬ ಪಟ್ಟಿ ನೋಡುತ್ತಿದ್ದ ಕಾಕಾ ಕೇಳಿದರು: "ಮುಂಡರಗಿ ಡಾಕ್ಟರ್ ಪರದೇಶಕ್ಕ ಹೋಗ್ಯಾರೇನು?"

"ಇಲ್ರಿ, ಅವರ ದವಾಖಾನ್ಯಾಗ ಅದಾರ."

"ಹಂಗಾದ್ರ ಅವರ ಹೆಸರಿಲೆ ಒಳಗ ಕುಂತಾಂವ ಯಾರು?"

ಊರ ಹೆಸರು ಊಹಿಸುವುದು ಎಷ್ಟು ಸುಲಭ ಎಂದು ಆಗ ಹೊಳೆಯಿತು. "ಮೊದಲ ವೈರ್ ಕಿತ್ತು ಒಗಿಯವಾ, ಅಳೂದು ಆಮ್ಯಾಲ!" ಎಂದು ಕಾಕಾ ಕೂಗಿದಾಗಲೇ ನಾನು ಅಳುತ್ತಿದ್ದೇನೆಂದು ಗೊತ್ತಾದದ್ದು.

ಒಳಗೆ ಎಲ್ಲ ಊರುಗಳ ರಿಪೋರ್ಟುಗಳ ಜೊತೆ ಶಿರಹಟ್ಟಿಯ ಒಬ್ಬ ಹುಡುಗಿಯದೂ ಇತ್ತು. ಮದುವೆ ಗೊತ್ತಾಗಿತ್ತು. "ಯಾರಿಗೂ ತಿಳೀಬಾರದ್ರಿ ಅಕ್ಕಾರ" ಎಂದು ನನ್ನ ಕೈ ಹಿಡಿದು ಹೇಳಿ ಹೋಗಿದ್ದಳು. ಒಳಬಂದವನು ಅದನ್ನು ನೋಡಿದನೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಅವಳ ಮದುವೆ ಸುಸೂತ್ರವಾಗಿ ಆಯಿತು. ನನಗೆ ಮಾತ್ರ ಶಿರಹಟ್ಟಿಯಿಂದ ಫೋನ್ ಬಂದರೆ ಈಗಲೂ ಅವಳದೇ ಇರಬಹುದೆಂಬ ಹೆದರಿಕೆ.

ಕಾಕಾ ನನ್ನನ್ನು ಬೈಯಲಿಲ್ಲ. ಗುಪ್ತಪದಗಳನ್ನೆಲ್ಲ ಬದಲಿಸಿ, ಬೀಗದ ಮೇಲೆ ಬೀಗ ಹಾಕಿಸಿದರು. ಮರುದಿನ ಪಟ್ಟಿ ನೋಡಿದರೆ ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ 'ಕಳ್ಳ' ಎಂಬ ಹೆಸರಿನಲ್ಲಿ ಯಾರೋ ಒಳಬರಲು ನೋಡಿದ್ದರು. ಕೂಡಲೇ ಕಾಕಾರಿಗೆ ಫೋನ್ ಹಚ್ಚಿದೆ.

"ಗಾಬರಿ ಆಗಬ್ಯಾಡವಾ, ಅದು ನಾನ. ಇನ್ನ ಮ್ಯಾಲ ದಿನಾ ಮನಿಯಿಂದ ಒಂದ್ ಸಲ ದೂಡಿ ನೋಡ್ತೀನಿ."

ಆಮೇಲೆ ಒಂದು ದಿನವೂ ತಪ್ಪಲಿಲ್ಲ. ಗುರುತಿಲ್ಲದ ಎಷ್ಟೋ ಹೆಸರುಗಳು ಬಾಗಿಲು ಬಡಿದು ಹೋಗುತ್ತಿದ್ದವು; ಅವುಗಳ ನಡುವೆ ಕಳ್ಳನನ್ನು ಕಂಡಾಗ ನನಗೆ ಊಟ ಸೇರುತ್ತಿತ್ತು.

ಹೋದ ತಿಂಗಳು ಕಾಕಾ ತೀರಿಕೊಂಡರು. ಲಕ್ಷ್ಮೇಶ್ವರಕ್ಕೆ ಹೋಗಿ ಮುಖ ನೋಡಿ ಬಂದೆ. ಮರುದಿನ ಪಟ್ಟಿಯಲ್ಲಿ ಗುರುತಿಲ್ಲದವರೆಲ್ಲ ಇದ್ದರು, ಕಳ್ಳ ಇರಲಿಲ್ಲ. ಇನ್ನು ನಾನೊಬ್ಬಳೇ ಕಾಯಬೇಕು ಅನ್ನಿಸಿ ತುಂಬ ಭಯವಾಯಿತು. ಕೆಲವು ವಾರ ತಡೆದೆ, ಆಗಲಿಲ್ಲ. ನಿನ್ನೆ ನಮ್ಮ ಟನಲ್ ಮುಚ್ಚಿ ಕಂಪನಿಯದಕ್ಕೆ ಒಪ್ಪಿಸಿದೆ.

ಅವರೇ ಕಾಯುತ್ತಾರಂತೆ. ಆದರೂ ಇಂದು ಮೂರು ಗಂಟೆಗೆ ಹೊಸ ಬಾಗಿಲಿನ ಹೆಸರಿನ ಜಾಗದಲ್ಲಿ 'ಕಳ್ಳ' ಎಂದು ಬರೆದು ಒತ್ತಿದೆ. ತೆರೆಯಲಿಲ್ಲ. ಕಾಕಾ ಇದ್ದಿದ್ದರೆ ಇನ್ನೊಮ್ಮೆ ದೂಡವಾ ಅನ್ನುತ್ತಿದ್ದರು.

ದೂಡಿದೆ.