ಹೃದಯ ನಿಂತ ಹೊತ್ತಿನಲ್ಲಿ

ಹೃದಯದ ಆಪರೇಷನ್ನಿಗೆ ಹೋಗುವವರಿಗೆ ಧೈರ್ಯ ಹೇಳುವುದು ನನ್ನ ಕೆಲಸ. ಚಳ್ಳಕೆರೆಯಿಂದ ಬಸ್ಸು ಹತ್ತಿ ರೋಗಿಗಳ ಮನೆಗೇ ಹೋಗುತ್ತೇನೆ. ಮೊಳಕಾಲ್ಮುರಿನ ಓಬಕ್ಕ ಮಾತ್ರ ಹೆದರಿದವರಂತೆ ಕಾಣಲೇ ಇಲ್ಲ. ಮಗ್ಗದ ಮುಂದೆ ಕೂತು, ತುಂಡಾದ ರೇಷ್ಮೆ ಎಳೆಗೆ ಗಂಟು ಹಾಕುತ್ತಲೇ ಕೇಳಿಸಿಕೊಂಡರು.

“ಸ್ವಲ್ಪ ಹೊತ್ತು ಹೃದಯ ನಿಲ್ಲಿಸ್ತಾರಕ್ಕ. ಅದರ ಕೆಲಸ ಮಿಷನ್ನು ಮಾಡ್ತೈತೆ,” ಎಂದೆ.

“ನಿಂತ್ರೆ ಸತ್ತಂಗೇ ಅಲ್ವೇನ್ರಿ?”

“ಇಲ್ಲಕ್ಕ, ನಿದ್ದೆ ಮಾಡ್ದಂಗೆ.”

ಅವರ ಕೈ ಸುಮ್ಮನಾಯಿತು. “ನನ್ ಮಗಳು ಹೋಗಿ ನಾಕು ವರ್ಷ ಆತು. ಹೃದಯ ನಿಂತಿರೋ ಹೊತ್ನಾಗೆ ಒಂದ್ಸಲ ಕಣ್ಣಿಗೆ ಬೀಳ್ತಾಳೇನ್ರಿ?”

ಇದಕ್ಕೆ ಉತ್ತರ ನನಗೆ ಯಾರೂ ಕಲಿಸಿರಲಿಲ್ಲ. ಗೊತ್ತಿಲ್ಲ ಅನ್ನಬೇಕಿತ್ತು. “ಬಿದ್ದರೂ ಬೀಳಬೌದಕ್ಕ,” ಅಂದುಬಿಟ್ಟೆ. ಓಬಕ್ಕ ನಗುತ್ತಲೇ ಆಪರೇಷನ್ನಿಗೆ ಹೋದರಂತೆ.

ಎಲ್ಲ ಸುಸೂತ್ರವಾಗಿ ಆಯಿತು. ನಾಲ್ಕು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ಓಬಕ್ಕ ಸೂರು ನೋಡುತ್ತಾ ಮಲಗಿದ್ದರು.

“ಬರ್ಲೇ ಇಲ್ರೀ ಅವಳು,” ಎಂದರು. ಕಣ್ಣೀರು ಕಿವಿಯತ್ತ ಇಳಿಯಿತು.

ಹೊಲಿಗೆಯ ನೋವಿಗೆ ಅಳುತ್ತಿದ್ದಾರೆ ಅಂದುಕೊಂಡ ಅವರ ತಮ್ಮ, ಅಕ್ಕ ಉಳಿದ ಖುಷಿಗೆ ನನ್ನ ಕೈಗೊಂದು ಲಾಡು ಇಟ್ಟ. ಬೇಡ ಅನ್ನಲಾಗಲಿಲ್ಲ. ಒಳ್ಳೆ ತುಪ್ಪದ ಲಾಡು. ನುಂಗೋಕೆ ಮಾತ್ರ ಎರಡು ಲೋಟ ನೀರು ಬೇಕಾಯಿತು.