ಪಡುವಲಿಗೆ ತಿರುಗಿದ ನೀರು

ಬೆಳಗಿನ ರೈಲು ಸೇತುವೆ ದಾಟುವ ಸದ್ದು ಹೊಳೆಯ ಮೇಲೆ ಸ್ವಲ್ಪ ಹೊತ್ತು ನಿಂತು, ಆಮೇಲೆ ನೀರಿನ ಸದ್ದಿನೊಳಗೆ ಕರಗಿಹೋಗುತ್ತದೆ. ಕುಳ್ಳಮ್ಮ ಎದ್ದು ಬುಟ್ಟಿ ಹೊರುವುದು ಆಗಲೇ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯ ಮೆಟ್ಟಿಲ ಮೇಲೆ ಕೂತು, ಅಸ್ಥಿ ಬಿಡಲು ಬರುವವರಿಗೆ ಅವಳು ಎಳ್ಳು, ಹೂವು, ಬಾಳೆಎಲೆ ಮಾರುತ್ತಾಳೆ.

ಕಾವೇರಿ ಮೂಡಲಿಗೆ ಹರಿಯುವವಳು. ಇಲ್ಲಿ ಮಾತ್ರ ಪಡುವಲಿಗೆ ಹೊರಳುತ್ತಾಳೆ, ಮರೆತ ಮಾತೊಂದನ್ನು ಹೇಳಲು ತವರಿನ ಕಡೆ ತಿರುಗಿದ ಹೆಣ್ಣಿನ ಹಾಗೆ.

ಕುಳ್ಳಮ್ಮನ ಮಗಳು ಸಣ್ಣತಾಯಿಯನ್ನು ಬನ್ನೂರ ಕಡೆಯ ಒಂದು ಹೊಳೆದಂಡೆ ಹಳ್ಳಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ಅತ್ತೆಮನೆಯವರು ಕಳಿಸಲಿಲ್ಲ. ಅಲ್ಲೇ ತೀರಿಕೊಂಡಳು. ಕುಳ್ಳಮ್ಮ ಹಟ ಹಿಡಿದು ಬೂದಿ ತಂದು ಇದೇ ಮೆಟ್ಟಿಲಿನಿಂದ ಬಿಟ್ಟಳು. ನೀರು ಮಗಳನ್ನು ಪಡುವಲಿಗೆ ಕರೆದೊಯ್ಯುತ್ತದೆ, ಆ ಮನೆಯ ಕಡೆ ಅವಳು ಇನ್ನೆಂದೂ ಹೋಗಬೇಕಿಲ್ಲ ಎಂದು ನಂಬಿದಳು. ಪಟ್ಟಣವನ್ನು ಬಳಸುವ ಹೊಳೆಗೆ ಕವಲುಗಳುಂಟಲ್ಲ; ಬನ್ನೂರಿಗೆ ಹೋಗುವುದು ಬೇರೆ ಕವಲು ಎಂಬುದು ಅವಳ ತಿಳಿವಳಿಕೆ.

ತೊಂಬತ್ತಾರರ ಚಳಿಗಾಲದಲ್ಲಿ ಗಂಜಾಂನ ಮುಬೀನಾ ಟೀಚರ್ ಭೂಗೋಳದ ಪಾಠಕ್ಕೆಂದು ಮಕ್ಕಳನ್ನು ಅಲ್ಲಿಗೆ ಕರೆತಂದರು. ಹೊಳೆಯ ಮಗ್ಗುಲಲ್ಲಿ ಬದುಕುವವರನ್ನು ಕೇಳಿ, ಮರಳಿನ ಮೇಲೆ ಹೊಳೆಯನ್ನು ಬರೆಯಬೇಕು.

"ಅಜ್ಜಿ, ಹೊಳೆ ಯಾವ್ ಕಡೀಕ್ ಹರೀತದೆ?" ಎಂದ ಮತೀನ್.

"ಕಣ್ಣಿಲ್ವೇನ್ಲಾ? ಪಡುವಲಿಗೆ."

"ಪುಸ್ತಕದಲ್ ಮೂಡ್ಲಿಗೆ ಅಂತ ಬರ್ದವ್ರೆ."

"ಬರೆದೋನು ಇಲ್ಲಿ ಬಂದು ಕಾಲು ತೊಳ್ದಿಲ್ಲ ಬುಡು."

ಮಕ್ಕಳು ನಕ್ಕರು. ತನುಶ್ರೀ ಕಡ್ಡಿಯಿಂದ ಪಡುವಲಿಗೆ ಗೆರೆ ಎಳೆದಳು. ಮುಂದಿನ ದಾರಿಯನ್ನು ಮೀನು ಹಿಡಿಯುವ ಮುದ್ದಯ್ಯ ಆಗಲೇ ಹೇಳಿಕೊಟ್ಟಿದ್ದ. ಗೆರೆ ಬಳುಕಿ ಹಿಂದಕ್ಕೆ ಹೊರಳಿತು, ಗಂಜಾಂ ದಾಟಿತು, ಸಂಗಮದಲ್ಲಿ ಉಳಿದ ಕವಲನ್ನು ಕೂಡಿ ಮೂಡಲಿಗೆ ನಡೆಯಿತು. ಅದರ ಪಕ್ಕ ಅವಳು ಒಂದು ಕಲ್ಲಿಟ್ಟಳು.

"ಇದು ಬನ್ನೂರು."

ಹೂವು ಬಿಡಿಸುತ್ತಿದ್ದ ಕುಳ್ಳಮ್ಮನ ಕೈ ನಿಂತಿತು. "ಈ ನೀರು ಬನ್ನೂರ್ಗಾ?"

"ಊಂ ಅಜ್ಜಿ. ಎಲ್ಲಾ ಕವಲೂ ಒಂದೇ ಆಯ್ತವೆ."

ಮುಬೀನಾ ಮತ್ತು ಸಣ್ಣತಾಯಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಮುಬೀನಾಗೆ ಆ ಗೆರೆಯನ್ನು ಕಾಲಿನಿಂದ ಒರೆಸಿಬಿಡಬೇಕೆನ್ನಿಸಿತು. ಮಕ್ಕಳು ಅವರ ಮುಖವನ್ನೇ ನೋಡುತ್ತಿದ್ದರು. ಒರೆಸಲಿಲ್ಲ.

"ಒಂದಷ್ಟು ದೂರ ಪಡುವಲಿಗೇ ಹೋಗ್ತಾಳೆ ಕಣವ್ವಾ," ಎಂದರು ಮೆಲ್ಲಗೆ.

"ಎಷ್ಟ್ ದೂರ?"

"ನಾನೂ ನಡೆದು ನೋಡಿಲ್ಲ."

ನೀರಿನ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಕುಳ್ಳಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಬುಟ್ಟಿ ನೋಡ್ಕಳಿ ಟೀಚರಮ್ಮ," ಎನ್ನುವಷ್ಟರಲ್ಲಿ ಹರಿವಿನ ಜೊತೆಗೇ ದಂಡೆಯ ಮೇಲೆ ಹೆಜ್ಜೆ ಹಾಕುತ್ತಿದ್ದಳು. ಮಾತು ಮಂಜಿನೊಳಗಿಂದ ಕೇಳುತ್ತಿತ್ತು:

"ಎಲ್ ತಿರುಗ್ತಾಳೆ ಅಂತ ಒಂದ್ಕಿತ ನೋಡ್ಬುಟ್ ಬತ್ತೀನಿ. ತಿರುಗೋಕ್ ಮುಂಚೇನೆ ಯಾವ್ದಾರ ಬಂಡೆತಾವ ಇಳ್ಕಂಡಿದ್ರೂ ಇಳ್ಕಂಡಿರ್ತದೆ ನನ್ ಕೂಸು. ಚಿಕ್ಕೋಳಿದ್ದಾಗ್ಲೂ ಅಂಗೇಯ, ಬಸ್ಸು ನಿಲ್ಲೋಕ್ ಮುಂಚೇನೆ ಇಳ್ದ್ಬುಡೋಳು."