ಅಪ್ಪ ಕಟ್ಟಿದ ಬೆಲೆ

ಶಹಾಬಾದಿನ ಹಾಸುಗಲ್ಲು ಮಾರಿ ಬದುಕು ಕಟ್ಟಿಕೊಂಡವನು ನಾನು. ಗಿರಾಕಿಯ ಎದುರು ತನ್ನ ಸರಕನ್ನು ತಾನೇ ಹಳಿಯುವ ವ್ಯಾಪಾರಿಯನ್ನು ಇಷ್ಟು ವರ್ಷಗಳಲ್ಲಿ ಒಬ್ಬನನ್ನೂ ಕಂಡಿಲ್ಲ. ಕಲ್ಲಿನ ಅಂಚು ಒಡೆದಿದ್ದರೂ 'ಮೂಲ್ಯಾಗ ಹಾಕ್ರಿ, ಕಾಣಂಗಿಲ್ಲ' ಅನ್ನುತ್ತೇವೆ. ಹಳಿಯುವವರನ್ನು ಕಂಡದ್ದು ಮನೆಗಳಲ್ಲಿ, ಅದೂ ಹೆತ್ತ ಮಕ್ಕಳನ್ನು.

ನನ್ನ ಅಪ್ಪ ಸೇಡಂನಲ್ಲಿ ಮಾಸ್ತರು. ಊರ ಹುಡುಗರ ಬಗ್ಗೆ ಯಾರಾದರೂ ಕೇಳಿದರೆ ಬಾಯಿ ತುಂಬ ಹೊಗಳುತ್ತಿದ್ದರು. ಅವರ ಒಂದು ಮಾತಿನ ಮೇಲೆ ಎಷ್ಟೋ ಜನ ಕೆಲಸಕ್ಕೆ ಸೇರಿದ್ದಾರೆ. ಸ್ವಂತ ಮಗನನ್ನು ಹೊಗಳುವುದು ಮಾತ್ರ ಮರ್ಯಾದೆಗೇಡು. ಯಾರಾದರೂ ನನ್ನನ್ನು ಹೊಗಳಿದರೆ ಅವ್ವನದೂ ಅದೇ ರಾಗ: 'ಸುಮ್ಮಿರ್ರಿ, ಕಣ್ಣು ಹತ್ತತದ.'

ತೊಂಬತ್ತರ ದಶಕದ ನಡುವೆ ನಾನು ಪಿಯುಸಿ ಮುಗಿಸಿದೆ. ನನಗೆ ನಕ್ಷೆ ಬರೆಯುವ ಹುಚ್ಚು. ನಮ್ಮ ಓಣಿಯ ಮನೆಗಳನ್ನೆಲ್ಲ ಹೆಜ್ಜೆಯಲ್ಲಿ ಅಳೆದು ಹಳೆಯ ನೋಟಬುಕ್ಕಿನಲ್ಲಿ ಬರೆದಿಟ್ಟಿದ್ದೆ. ವಾಡಿಯಲ್ಲಿ ಮನೆ ನಕ್ಷೆ ಮಾಡಿಕೊಡುವ ಎಂಜಿನಿಯರೊಬ್ಬರು ಕೈಕೆಳಗೆ ಒಬ್ಬನನ್ನು ಹುಡುಕುತ್ತಿದ್ದಾರೆಂದು ಗೊತ್ತಾಗಿ, ಅಪ್ಪನನ್ನು ಕಾಡಿ ಬೇಡಿ ಕರೆದುಕೊಂಡು ಹೋದೆ.

ಎಂಜಿನಿಯರ್ ನೋಟಬುಕ್ಕು ತಿರುವಿ ನೋಡಿದರು. 'ಹುಡುಗ ಹ್ಯಾಂಗ ಇದ್ದಾನ್ರಿ ಮಾಸ್ತರ?'

'ಏನ್ ಹೇಳ್ಲಿ ಸಾಹೇಬ್ರ, ಶುದ್ಧ ದಡ್ಡ. ಒಂದು ಮೊಳಿ ಹೊಡಿ ಅಂದ್ರ ಗ್ವಾಡಿನೇ ಕೆಡವ್ತಾನ.'

ಅಪ್ಪ ನಕ್ಕರು. ಎಂಜಿನಿಯರ್ ನಗಲಿಲ್ಲ.

'ಗೆರಿ ಭಾಳ ಚಲೋ ಎಳದಾನಲ್ರಿ?'

'ಹೊತ್ತು ಹೋಗ್ಲಾರ್ದಕ್ಕ ಗೀಚ್ಯಾನ. ಇವನ ಮ್ಯಾಲ ಭರೋಸಾ ಇಟ್ಟು ನಿಮ್ಮ ಕೆಲ್ಸ ಹಾಳ್ ಮಾಡ್ಕೋಬ್ಯಾಡ್ರಿ.'

ಎಂಜಿನಿಯರ್ ನನ್ನ ಕಡೆ ತಿರುಗಿದರು. 'ತಮ್ಮಾ, ಸೋಮವಾರ ನೀ ಒಬ್ಬನೇ ಬಾ. ಇಲ್ಲೇ ಕೂತು ಒಂದು ನಕ್ಷೆ ಬರಿ. ನಾ ನೋಡ್ತೀನಿ.'

ಸೋಮವಾರ ಹೊಸ ಪೆನ್ಸಿಲ್, ಸ್ಕೇಲು ಹಿಡಿದು ವಾಡಿಗೆ ಹೋಗುವ ಪ್ಯಾಸೆಂಜರ್ ಹತ್ತಿದೆ. ರೈಲು ಹೊರಟದ್ದೇ ತಡ, ಅಪ್ಪನ ಮಾತು ತಲೆಯಲ್ಲಿ ಸುತ್ತತೊಡಗಿತು. ಅಷ್ಟು ಮಕ್ಕಳಿಗೆ ಕಲಿಸಿದ ಮನುಷ್ಯ. ಯಾರು ಹುಷಾರು, ಯಾರು ದಡ್ಡ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚಿತ್ತಾಪುರದಲ್ಲಿ ಇಳಿದುಬಿಟ್ಟೆ. ರೈಲು ನನ್ನ ಕಣ್ಣೆದುರೇ ವಾಡಿಯ ಕಡೆ ಹೋಯಿತು.

ಸಂಜೆ ಮನೆಗೆ ಬಂದಾಗ ಅಪ್ಪ ಕೇಳಿದರು, 'ಏನಂದ್ರು?'

'ಬ್ಯಾಡ ಅಂದ್ರು.'

'ನಾ ಮೊದ್ಲೇ ಹೇಳಿದ್ದಿಲ್ಲೇನು?'

ಮರುವಾರ ಶಹಾಬಾದಿನ ಒಂದು ಕಲ್ಲಿನ ಅಂಗಡಿಗೆ ಸೇರಿಕೊಂಡೆ.

ಈಗ ಕಲ್ಲು ಕೊಳ್ಳಲು ಬರುವ ತಂದೆಯರಿಗೆ, ಅವರು ಕೇಳದಿದ್ದರೂ, ಒಂದು ಮಾತು ಹೇಳಿಯೇ ಕಳಿಸುತ್ತೇನೆ. ಮಗಳನ್ನೋ ಮಗನನ್ನೋ ಹೊಗಳಲು ನಾಚಿಕೆಯಾದರೆ ಬಾಯಿ ಮುಚ್ಚಿಕೊಂಡಿರಿ, ಬೆಲೆ ಮಾತ್ರ ಇಳಿಸಬೇಡಿ. ನಿಮ್ಮ ಮಾತನ್ನು ಹೊರಗಿನವರು ನಂಬದಿರಬಹುದು. ಮಕ್ಕಳು ನಂಬಿಬಿಡುತ್ತಾರೆ.

ಅಂಗಡಿ ಸೇರಿದ ಹತ್ತು ವರ್ಷಗಳ ಮೇಲೆ ಶಹಾಬಾದಿನಲ್ಲಿ ಸ್ವಂತ ಮನೆ ಕಟ್ಟಿಸಿದೆ. ಗೃಹಪ್ರವೇಶದ ದಿನ ಚಿಂಚೋಳಿಯಿಂದ ಬಂದ ಬೀಗರ ಮುಂದೆ ಅಪ್ಪ ಹೇಳುತ್ತಿದ್ದರು: 'ಇವನಿಗಿ ಯಾರ್ ತಗೋತಾರ್ರಿ ನೌಕರಿಗಿ? ವಾಡಿ ಎಂಜಿನಿಯರ್ ಸುದ್ದಾ ಬ್ಯಾಡ ಅಂದ.'

ಎಲ್ಲರೂ ನಕ್ಕರು. ಆ ಮನುಷ್ಯ ಬೇಡ ಅಂದಿರಲೇ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಿದ್ದರೆ ಅಪ್ಪ, ನಡುದಾರಿಯಲ್ಲಿ ಇಳಿದು ಬಂದವನು ದಡ್ಡನಲ್ಲದೆ ಮತ್ತೇನು ಅನ್ನುತ್ತಿದ್ದರು. ಆ ಗೆಲುವನ್ನೂ ಅವರ ಕೈಗೆ ಕೊಡಲು ಮನಸ್ಸಾಗಲಿಲ್ಲ.